ಓಪನ್ ಸೋರ್ಸ್ ಬಳಗಕ್ಕೆ ಯಾವ ಚಾಟ್ ವೇದಿಕೆ? ಬಳಸಿ ನೋಡಿದ ಮೇಲಿನ ಹೋಲಿಕೆ

ಓಪನ್ ಸೋರ್ಸ್ ಯೋಜನೆಗೆ, ಅಂದರೆ ಕೋಡ್ ಎಲ್ಲರಿಗೂ ಮುಕ್ತವಾಗಿರುವ ತಂತ್ರಾಂಶದ ಕೆಲಸಕ್ಕೆ, ಹೊಸದಾಗಿ ಬಂದವರು ಕೇಳುವ ಪ್ರಶ್ನೆಗಳು ಬಹುಪಾಲು ಹಳೆಯವೇ. ಬಿಲ್ಡ್ (ಕೋಡ್‌ನಿಂದ ತಂತ್ರಾಂಶ ಕಟ್ಟುವ ಕೆಲಸ) ಅರ್ಧಕ್ಕೆ ಯಾಕೆ ನಿಲ್ಲುತ್ತದೆ, ವಿಂಡೋಸ್‌ನಲ್ಲಿ ಪರೀಕ್ಷೆಗಳನ್ನು ಓಡಿಸುವುದು ಹೇಗೆ, ಈ ಫಾಂಟಿನಲ್ಲಿ ಅರ್ಕಾವತ್ತು ಯಾಕೆ ತಪ್ಪು ಜಾಗದಲ್ಲಿ ಕೂರುತ್ತದೆ. ಇವಕ್ಕೆಲ್ಲ ಯಾರೋ ಒಬ್ಬರು ಹಿಂದಿನ ವರ್ಷವೇ ತಾಳ್ಮೆಯಿಂದ ಉತ್ತರ ಬರೆದಿರುತ್ತಾರೆ. ಆ ಉತ್ತರ ಈಗ ಎಲ್ಲಿದೆ? ಹುಡುಕಿದರೆ ಸಿಗುತ್ತದೆಯೇ? ಖಾತೆ ತೆರೆಯದೆ ಓದಬಹುದೇ? ನಾಳೆ ಬೇರೆ ಕಡೆಗೆ ಹೋಗಬೇಕಾಗಿ ಬಂದರೆ ಜೊತೆಗೆ ಒಯ್ಯಬಹುದೇ? ಚಾಟ್ ವೇದಿಕೆಗಳನ್ನು ನಾನು ಅಳೆಯುವುದು ಈ ಪ್ರಶ್ನೆಗಳಿಂದ. ಪರದೆ ಎಷ್ಟು ಅಂದವಾಗಿದೆ ಎಂಬುದು ಆಮೇಲಿನ ಮಾತು.

ನಮ್ಮದು ಕನ್ನಡ ಪಠ್ಯ ಸಂಸ್ಕರಣೆಯ ಸಣ್ಣ ಬಳಗ. ಕಾಗುಣಿತ ಪರೀಕ್ಷೆ, ಅಕಾರಾದಿ ಜೋಡಣೆ, ಹಳೆಯ ಎನ್‌ಕೋಡಿಂಗ್‌ನಿಂದ ಯೂನಿಕೋಡ್‌ಗೆ ಪರಿವರ್ತನೆ, ಇಂಥವು ನಮ್ಮ ಕೆಲಸ. ಮೈಸೂರು, ಶಿವಮೊಗ್ಗಗಳ ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನಲ್ಲಿ ಹಗಲೆಲ್ಲ ಬೇರೆ ಕೆಲಸ ಮಾಡಿ ರಾತ್ರಿ ಕೋಡ್ ಬರೆಯುವವರಿದ್ದಾರೆ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ಇದ್ದಾರೆ. ಎಲ್ಲರೂ ಒಂದೇ ಹೊತ್ತಿಗೆ ಎಚ್ಚರವಿರುವುದು ಅಪರೂಪ. ಹಾಗಾಗಿ ಬೆಳಿಗ್ಗೆ ಎದ್ದವರಿಗೆ ರಾತ್ರಿಯ ಚರ್ಚೆ ಅರ್ಥವಾಗುವಂತೆ ಕಾಣುವ ವೇದಿಕೆ ನಮಗೆ ಬೇಕಿತ್ತು. ಹೋಲಿಕೆಯನ್ನು ಈ ದೃಷ್ಟಿಯಿಂದಲೇ ಓದಬೇಕೆಂದು ಕೋರುತ್ತೇನೆ.

ಮೊದಲು ಐಆರ್‌ಸಿ, ಅಂದರೆ ಇಂಟರ್ನೆಟ್ ರಿಲೇ ಚಾಟ್ ಎಂಬ ಹಳೆಯ ಪಠ್ಯ ಚಾಟ್ ವ್ಯವಸ್ಥೆ. ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಒಯ್ಕರಿನೆನ್ 1988ರಲ್ಲಿ ರೂಪಿಸಿದ ಈ ವ್ಯವಸ್ಥೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಓಪನ್ ಸೋರ್ಸ್ ಲೋಕದ ಎಷ್ಟೋ ತೀರ್ಮಾನಗಳು ಆಗಿದ್ದು ಅದರ ಚಾನೆಲ್‌ಗಳಲ್ಲಿ. ಯಾವ ಹಳೆಯ ಲ್ಯಾಪ್‌ಟಾಪಿನಲ್ಲೂ, ಎಷ್ಟೇ ಮಂದಗತಿಯ ಸಂಪರ್ಕದಲ್ಲೂ ಅದು ಓಡುತ್ತದೆ. ಅದರ ನಿಜವಾದ ಬಲ ಜಗತ್ತಿಗೆ ಕಂಡದ್ದು 2021ರ ಮೇ ತಿಂಗಳಲ್ಲಿ. ಆಗ ಓಪನ್ ಸೋರ್ಸ್ ಬಳಗಗಳು ಸೇರುತ್ತಿದ್ದ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಆಡಳಿತದ ಬಗ್ಗೆ ಜಗಳವಾಗಿ ಸ್ವಯಂಸೇವಕರು ಸಾಮೂಹಿಕವಾಗಿ ಹೊರಬಂದರು, ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು. ಚಾನೆಲ್ ವಿವರಣೆಯಲ್ಲಿ ಲಿಬೆರಾ ಹೆಸರು ಹಾಕಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡ್ ತನ್ನ ವಶಕ್ಕೆ ತೆಗೆದುಕೊಂಡಾಗ ಉಳಿದವರೂ ಹೊರಟರು. ಉಬುಂಟು, ಜೆಂಟೂ, ವಿಕಿಮೀಡಿಯಾದಂಥ ದೊಡ್ಡ ಸಮುದಾಯಗಳು ಬೇಗನೆ ಜಾಗ ಬದಲಿಸಲು ಸಾಧ್ಯವಾದದ್ದು ಪ್ರೋಟೊಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ನಿಯಮಗಳು) ಯಾರ ಸೊತ್ತೂ ಆಗಿರಲಿಲ್ಲ ಎಂಬ ಕಾರಣಕ್ಕೆ. ಬಳಕೆದಾರರು ತಮ್ಮ ತಂತ್ರಾಂಶದಲ್ಲಿ ಸರ್ವರ್ ವಿಳಾಸವೊಂದನ್ನು ಬದಲಿಸಿದರೆ ಸಾಕಿತ್ತು.

ಆದರೂ ನಮಗೆ ಅದು ಒಗ್ಗಲಿಲ್ಲ. ಐಆರ್‌ಸಿಯ ಮೂಲ ವ್ಯವಸ್ಥೆಯಲ್ಲಿ ಸರ್ವರ್ ಹಳೆಯ ಮಾತುಗಳನ್ನು ಇಟ್ಟುಕೊಳ್ಳುವುದಿಲ್ಲ. ವಿದ್ಯುತ್ ಹೋಗಿ ಸಂಪರ್ಕ ಕಡಿದರೆ ಆ ಹೊತ್ತಿನ ಚರ್ಚೆ ನಿಮ್ಮ ಪಾಲಿಗಿಲ್ಲ. ಇದನ್ನು ತಪ್ಪಿಸಲು ಜೆಡ್‌ಎನ್‌ಸಿಯಂಥ ಬೌನ್ಸರ್ ಒಂದನ್ನು, ಅಂದರೆ ನಿಮ್ಮ ಪರವಾಗಿ ಸಂಪರ್ಕದಲ್ಲಿದ್ದು ಮಾತುಗಳನ್ನು ಹಿಡಿದಿಡುವ ತಂತ್ರಾಂಶವನ್ನು, ಸದಾ ಚಾಲೂ ಇರುವ ಯಂತ್ರದಲ್ಲಿ ಇಡಬೇಕು. ಎರಡನೇ ವರ್ಷದ ಡಿಪ್ಲೊಮಾ ವಿದ್ಯಾರ್ಥಿನಿಗೆ ಮೊದಲ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸುವ ಮುನ್ನ ಸರ್ವರ್ ಬಾಡಿಗೆಗೆ ಹಿಡಿ ಎಂದು ಹೇಳುವುದು ನ್ಯಾಯವಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲೇ ಮಾತಾಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಐಆರ್‌ಸಿಯಲ್ಲಿ ಒಂದು ಸಂದೇಶದ ಮಿತಿ 512 ಬೈಟ್, ಕಳಿಸಿದವರ ಮತ್ತು ಚಾನೆಲ್‌ನ ಹೆಸರುಗಳೂ ಅದರೊಳಗೇ ಸೇರಬೇಕು. ಯೂನಿಕೋಡ್ ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಸಂಕೇತಗಳಿವೆ, ಅಂದರೆ 18 ಬೈಟ್. ಹೀಗಾಗಿ ಇಂಗ್ಲಿಷಿನಲ್ಲಿ ಆರಾಮವಾಗಿ ಹಿಡಿಸುವ ವಿವರಣೆ ಕನ್ನಡದಲ್ಲಿ ಮೂರು ನಾಲ್ಕು ತುಂಡಾಗುತ್ತದೆ, ಕೆಲವೊಮ್ಮೆ ಒತ್ತಕ್ಷರದ ನಡುವೆಯೇ ಕತ್ತರಿ ಬೀಳುತ್ತದೆ. ಟರ್ಮಿನಲ್‌ನಲ್ಲಿ ಓಡುವ ಐಆರ್‌ಸಿ ತಂತ್ರಾಂಶಗಳಲ್ಲಿ ಒತ್ತುಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ ಕಾಣುವುದೂ ಉಂಟು. ಕನ್ನಡ ಅಕ್ಷರಗಳ ದೋಷವನ್ನೇ ಚರ್ಚಿಸುವ ಬಳಗಕ್ಕೆ ಅಕ್ಷರ ಒಡೆಯುವ ಜಾಗ ಹೇಗೆ ಒಗ್ಗೀತು?

ಸ್ಲ್ಯಾಕ್ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಚೇರಿಯಲ್ಲಿ ಬಳಸುವವರಿಗೆ ಅದು ಚಿರಪರಿಚಿತ, ಕಲಿಯಬೇಕಾದ್ದೇನೂ ಇಲ್ಲ, ಕನ್ನಡ ಚೆನ್ನಾಗಿ ಕಾಣುತ್ತದೆ. ಆದರೆ ಅದು ಕಚೇರಿಗಾಗಿಯೇ ಹುಟ್ಟಿದ ವಸ್ತು. ತಲೆಗಿಷ್ಟು ಹಣ ಎಂಬ ಲೆಕ್ಕ ಯಾರು ಬೇಕಾದರೂ ಬಂದು ಹೋಗುವ ಬಳಗಕ್ಕೆ ಹೊಂದುವುದಿಲ್ಲ. ಉಚಿತ ಯೋಜನೆಯಲ್ಲಿ 2022ರ ಸೆಪ್ಟೆಂಬರಿನಿಂದ 90 ದಿನಗಳ ಹಿಂದಿನ ಸಂದೇಶಗಳು ಕಾಣುವುದಿಲ್ಲ. 2018ರಲ್ಲಿ ಐಆರ್‌ಸಿ ಮೂಲಕ ಒಳಬರುವ ದಾರಿಯನ್ನೂ ಮುಚ್ಚಲಾಯಿತು. ಕ್ಲೋಜರ್ ಭಾಷೆಯ ಸಮುದಾಯ ಸ್ಲ್ಯಾಕ್‌ನಲ್ಲಿದ್ದುಕೊಂಡೇ, ಅಲ್ಲಿನ ಮಾತುಗಳು ಉಳಿಯಲಿ ಎಂದು ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಮೂಲಕ ಅವನ್ನು ಜುಲಿಪ್ ಎಂಬ ಇನ್ನೊಂದು ವೇದಿಕೆಗೆ ನಕಲು ಮಾಡುವ ಏರ್ಪಾಡು ಮಾಡಿಕೊಂಡಿತು. 2025ರ ಜೂನ್‌ನಲ್ಲಿ ಕುಬರ್ನೆಟಿಸ್‌ನಂಥ ಬೃಹತ್ ಯೋಜನೆಗೂ ಸ್ಲ್ಯಾಕ್ ಕೊಟ್ಟಿದ್ದ ವಿಶೇಷ ಸೌಲಭ್ಯ ನಿಲ್ಲುತ್ತದೆ ಎಂಬ ಸೂಚನೆ ಬಂದು, ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದೆಗೆಯಲ್ಪಟ್ಟಿತು. ಅಷ್ಟು ದೊಡ್ಡವರ ಪಾಡೇ ಹಾಗಾದರೆ ನಮ್ಮಂಥ ಸಣ್ಣವರು ಯಾವ ಧೈರ್ಯದಿಂದ ಅಲ್ಲಿ ಮನೆ ಮಾಡಬೇಕು?

ಡಿಸ್ಕಾರ್ಡ್ 2015ರಲ್ಲಿ ಆಟ ಆಡುವವರಿಗಾಗಿ ಬಂದದ್ದು. ಅದೇ ವರ್ಷ ವೆಬ್ ಪುಟ ಕಟ್ಟುವ ರಿಯಾಕ್ಟ್ ಎಂಬ ಸಾಧನ ಕಲಿಯುವವರ ದೊಡ್ಡ ಬಳಗವಾದ ರಿಯಾಕ್ಟಿಫ್ಲಕ್ಸ್ ಸ್ಲ್ಯಾಕ್ ಬಿಟ್ಟು ಅಲ್ಲಿಗೆ ಹೋಯಿತು. ನಮ್ಮ ವಿದ್ಯಾರ್ಥಿಗಳ ಮೊದಲ ಆಯ್ಕೆಯೂ ಅದೇ ಆಗಿತ್ತು, ಅವರ ಉತ್ಸಾಹಕ್ಕೆ ಕಾರಣವಿತ್ತು. ಧ್ವನಿ ಮತ್ತು ಪರದೆ ಹಂಚಿಕೆಯಲ್ಲಿ ನಾನು ಬಳಸಿದ ಯಾವುದೂ ಅದನ್ನು ಸರಿಗಟ್ಟಲಿಲ್ಲ. ಕರೆ ಮಾಡಿ ಆಹ್ವಾನಿಸುವ ಗೋಜಿಲ್ಲ, ಧ್ವನಿ ಚಾನೆಲ್ ಒಳಗೆ ಹೋದರೆ ಅಲ್ಲಿದ್ದವರ ಮಾತು ಕೇಳುತ್ತದೆ. ಭಾನುವಾರ ಸಂಜೆ ಒಬ್ಬರು ಪರದೆ ಹಂಚಿ ಕೋಡ್‌ನ ದೋಷ ಹುಡುಕುವುದು, ಉಳಿದವರು ನೋಡಿ ಕಲಿಯುವುದು ಎಷ್ಟು ಸಲೀಸಾಗಿತ್ತೆಂದರೆ, ಅದನ್ನು ಬಿಡಬೇಕಾದಾಗ ಮನಸ್ಸಿಗೆ ಕಷ್ಟವಾಯಿತು.

ಬಿಡಲು ಕಾರಣ ನನ್ನ ಮೊದಲ ಪ್ರಶ್ನೆಗಳೇ. ಡಿಸ್ಕಾರ್ಡ್‌ನೊಳಗಿನ ಮಾತು ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಓದಬೇಕೆಂದರೂ ಖಾತೆ ಬೇಕು. 2022ರಲ್ಲಿ ಬಂದ ವಿಷಯವಾರು ಚಾನೆಲ್‌ಗಳು ಒಳಗಿನ ಗದ್ದಲವನ್ನು ಕಡಿಮೆ ಮಾಡಿದವು ನಿಜ, ಬಾಗಿಲು ಮಾತ್ರ ತೆರೆಯಲಿಲ್ಲ. ಇಡೀ ಸಮುದಾಯದ ಇತಿಹಾಸವನ್ನು ಇಳಿಸಿಕೊಂಡು ಹೊರಡಲು ಆಡಳಿತಗಾರರಿಗೆ ಅಧಿಕೃತ ದಾರಿಯಿಲ್ಲ. ಸರ್ವರ್ ಎಂಬ ಹೆಸರಿದ್ದರೂ ಅಲ್ಲಿ ನಿಮ್ಮದೆನ್ನುವ ಯಂತ್ರ ಯಾವುದೂ ಇರುವುದಿಲ್ಲ.

ವಾಟ್ಸಾಪ್ ಕನ್ನಡಿಗರೆಲ್ಲರ ಫೋನಿನಲ್ಲಿದೆ, ಹಾಗಾಗಿ ಅದರ ಹೆಸರು ಪ್ರತಿ ಸಭೆಯಲ್ಲೂ ಬರುತ್ತದೆ. ಗುಂಪಿನ ಸದಸ್ಯರಿಗೆಲ್ಲ ಎಲ್ಲರ ಫೋನ್ ಸಂಖ್ಯೆ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಅಪರಿಚಿತರು ಸೇರುವ ಬಳಗದಲ್ಲಿ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಇದು ಸಣ್ಣ ವಿಷಯವಲ್ಲ. ಟೆಲಿಗ್ರಾಂನಲ್ಲಿ ಸಂಖ್ಯೆ ಮರೆಮಾಡಬಹುದು, ಗುಂಪಿನಲ್ಲಿ 2 ಲಕ್ಷ ಜನ ಇರಬಹುದು, ಹಳೆಯ ಸಂದೇಶಗಳು ಹೊಸಬರಿಗೂ ಕಾಣುವಂತೆ ಮಾಡಬಹುದು. ಪ್ರಕಟಣೆಗೆ ಅದು ಚೆನ್ನ. ಆದರೆ ಆ್ಯಪ್‌ನ ಕೋಡ್ ಮುಕ್ತವಾಗಿದ್ದರೂ ಸರ್ವರ್‌ನದು ಮುಕ್ತವಲ್ಲ. ಅಲ್ಲದೆ ನಾಲ್ಕು ಚರ್ಚೆಗಳು ಒಂದೇ ಸಾಲಿನಲ್ಲಿ ಹೆಣೆದುಕೊಂಡು ಹರಿಯುವಾಗ ಕೋಡ್ ಪರಿಶೀಲನೆ ಅಲ್ಲಿ ಸಾಧ್ಯವೇ ಇಲ್ಲ.

ನನ್ನ ಮನಸ್ಸು ಬಹಳ ಕಾಲ ವಾಲಿದ್ದು ಮ್ಯಾಟ್ರಿಕ್ಸ್ ಕಡೆಗೆ. 2014ರಲ್ಲಿ ಆರಂಭವಾದ ಈ ಪ್ರೋಟೊಕಾಲ್‌ನ ಕಲ್ಪನೆ ಬಹಳ ದೊಡ್ಡದು: ಇಮೇಲ್‌ನಂತೆ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು, ಒಂದು ಸರ್ವರ್‌ನವರು ಇನ್ನೊಂದರವರ ಜೊತೆ ಮಾತಾಡಬಹುದು. ಮೊಜಿಲ್ಲಾ ತನ್ನ ಐಆರ್‌ಸಿ ಜಾಲವನ್ನು ಮುಚ್ಚುವ ಮುನ್ನ ಮ್ಯಾಟರ್‌ಮೋಸ್ಟ್, ರಾಕೆಟ್ ಚಾಟ್, ಸ್ಲ್ಯಾಕ್ ಮತ್ತು ಮ್ಯಾಟ್ರಿಕ್ಸ್ ನಾಲ್ಕನ್ನೂ ಪರೀಕ್ಷಿಸಿ 2019ರ ಕೊನೆಯಲ್ಲಿ ಆರಿಸಿದ್ದು ಇದನ್ನೇ. ಕೆಡಿಇ, ಫೆಡೋರಾ ಅಲ್ಲಿವೆ. ಬ್ರಸೆಲ್ಸ್‌ನಲ್ಲಿ ಸೇರುವ ಓಪನ್ ಸೋರ್ಸ್ ಸಮ್ಮೇಳನ ಫಾಸ್ಡೆಮ್ 2021ರಲ್ಲಿ ಆನ್‌ಲೈನ್ ಆದಾಗ ಇಡೀ ಸಮ್ಮೇಳನವೇ ಮ್ಯಾಟ್ರಿಕ್ಸ್ ಮೇಲೆ ನಡೆಯಿತು.

ನಾವು ಮ್ಯಾಟ್ರಿಕ್ಸ್ ಬಳಸುವ ಎಲಿಮೆಂಟ್ ಆ್ಯಪ್ ಹಾಕಿಕೊಂಡು, ಅದರ ಸರ್ವರ್ ತಂತ್ರಾಂಶವಾದ ಸಿನಾಪ್ಸ್ ಅನ್ನು ಸ್ಥಾಪಿಸಿ ನೋಡಿದೆವು. ಕೋಣೆಗಳು ಸಣ್ಣವಿದ್ದಾಗ ಹಗುರವಾಗಿ ಓಡುತ್ತದೆ. ಬೇರೆ ಸರ್ವರ್‌ಗಳ ಸಾವಿರಾರು ಜನರಿರುವ ಕೋಣೆಗೆ ನಮ್ಮವರೊಬ್ಬರು ಸೇರಿದ ಕೂಡಲೇ ಆ ಕೋಣೆಯ ಸ್ಥಿತಿಯನ್ನೆಲ್ಲ ನಮ್ಮ ಯಂತ್ರವೂ ಹೊರಬೇಕಾಗುತ್ತದೆ, ಅಗ್ಗದ ಬಾಡಿಗೆ ಯಂತ್ರಕ್ಕೆ ಅದು ಭಾರ. ಎನ್‌ಕ್ರಿಪ್ಶನ್ (ಸಂದೇಶಗಳನ್ನು ಗೂಢಲಿಪಿಯಾಗಿಸುವುದು) ಬಗ್ಗೆ ಒಂದು ಎಚ್ಚರಿಕೆ: ಕೋಣೆಯೊಂದರಲ್ಲಿ ಅದನ್ನು ಒಮ್ಮೆ ಚಾಲೂ ಮಾಡಿದರೆ ಮತ್ತೆ ತೆಗೆಯಲಾಗದು. ಖಾಸಗಿ ಮಾತಿಗೆ ಅದು ಅಮೂಲ್ಯ ರಕ್ಷಣೆ. ಸಾರ್ವಜನಿಕ ಕೋಡಿಂಗ್ ಚರ್ಚೆಗೆ ಅದು ಬೇಡ, ಯಾಕೆಂದರೆ ಹೊಸಬರಿಗೆ ಹಳೆಯ ಸಂದೇಶ ತೆರೆಯುವುದಿಲ್ಲ, ಸರ್ವರ್‌ಗೆ ಹುಡುಕಿಕೊಡಲೂ ಆಗುವುದಿಲ್ಲ.

ಭಾರತದಲ್ಲಿರುವವರು ಮರೆಯಬಾರದ ಇನ್ನೊಂದು ಸಂಗತಿಯಿದೆ. 2023ರ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ಭದ್ರತೆಯ ಕಾರಣ ನೀಡಿ ಕೇಂದ್ರ ಸರ್ಕಾರ 14 ಮೆಸೆಂಜರ್ ಆ್ಯಪ್‌ಗಳನ್ನು ನಿರ್ಬಂಧಿಸಿತು. ಆ ಪಟ್ಟಿಯಲ್ಲಿ ಎಲಿಮೆಂಟ್ ಮತ್ತು ಬ್ರಯರ್ ಎಂಬ ಎರಡು ಮುಕ್ತ ತಂತ್ರಾಂಶಗಳೂ ಇದ್ದವು. ಮುಕ್ತ ತಂತ್ರಾಂಶ ಕಾರ್ಯಕರ್ತರು ಇದನ್ನು ಕೇರಳ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಯಾರು ಬೇಕಾದರೂ ಸರ್ವರ್ ನಡೆಸಬಹುದಾದ, ಹಲವು ಆ್ಯಪ್‌ಗಳಿಂದ ಒಳಹೋಗಬಹುದಾದ ಪ್ರೋಟೊಕಾಲ್‌ನ ಒಂದು ಆ್ಯಪ್ ತಡೆಯುವುದರಿಂದ ಏನು ಸಾಧಿಸಿದಂತಾಯಿತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೆ ಹೊಸಬರನ್ನು ಕರೆಯುವಾಗ, ಈ ಆ್ಯಪ್ ಹಾಕಿಕೊಳ್ಳಬಹುದೇ ಎಂಬ ಅಳುಕು ಅವರಲ್ಲಿ ಹುಟ್ಟಿದರೆ ಅದಕ್ಕೆ ಉತ್ತರಿಸುವ ಹೊರೆ ನಮ್ಮದಾಗುತ್ತದೆ.

ಕೊನೆಗೆ ನಾವು ನಿಂತದ್ದು ಜುಲಿಪ್‌ನಲ್ಲಿ. 2012ರ ಸುಮಾರಿಗೆ ಎಂಐಟಿಯಲ್ಲಿ ಓದಿದವರು ಕಟ್ಟಿದ ಇದನ್ನು ಡ್ರಾಪ್‌ಬಾಕ್ಸ್ 2014ರಲ್ಲಿ ಕೊಂಡಿತು, 2015ರಲ್ಲಿ ಅಪಾಚೆ ಪರವಾನಗಿಯಡಿ ಪೂರ್ತಿ ಕೋಡ್ ಮುಕ್ತವಾಯಿತು. ರಸ್ಟ್ ಭಾಷೆಯ ತಂಡಗಳು ದಿನನಿತ್ಯದ ಕೆಲಸಕ್ಕೆ ಇದನ್ನೇ ಬಳಸುತ್ತವೆ. ಗಣಿತದ ಪ್ರಮೇಯಗಳನ್ನು ಕಂಪ್ಯೂಟರಿನಲ್ಲಿ ಸಾಧಿಸುವ ಲೀನ್ ಸಮುದಾಯದ ಮುಖ್ಯ ಜಗಲಿಯೂ ಇದೇ.

ಇಲ್ಲಿ ಚಾನೆಲ್ ಒಳಗೆ ಪ್ರತಿ ಚರ್ಚೆಗೂ ಒಂದು ತಲೆಬರಹ ಇರುತ್ತದೆ. ‘ಕಾಗುಣಿತ’ ಚಾನೆಲ್‌ನಲ್ಲಿ ‘ಸಂಧಿಯಾದ ಪದಗಳನ್ನು ತಪ್ಪೆಂದು ತೋರಿಸುತ್ತಿದೆ’ ಎಂಬ ತಲೆಬರಹದಡಿ ಆ ಮಾತು ಮಾತ್ರ ಇರುತ್ತದೆ. ಮೂರು ವಾರಗಳ ನಂತರ ಯಾರಾದರೂ ಉತ್ತರಿಸಿದರೂ ಅದು ಅಲ್ಲೇ ಸೇರುತ್ತದೆ. ಮಾತು ದಾರಿ ತಪ್ಪಿದರೆ ಅಷ್ಟು ಸಂದೇಶಗಳನ್ನು ಬೇರೆ ತಲೆಬರಹಕ್ಕೆ ಸಾಗಿಸಬಹುದು, ಮುಗಿದದ್ದಕ್ಕೆ ಸರಿ ಗುರುತು ಹಾಕಬಹುದು. ಅಮೆರಿಕದ ಗೆಳೆಯರು ನಮ್ಮ ನಿದ್ದೆಯ ಹೊತ್ತಿನಲ್ಲಿ ಬರೆದದ್ದನ್ನು ನಾನು ಬೆಳಿಗ್ಗೆ ತಲೆಬರಹ ನೋಡಿಯೇ ಓದಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇನೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವ ಸ್ವಯಂಸೇವಕರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

2022ರಿಂದ ಆಯ್ದ ಚಾನೆಲ್‌ಗಳನ್ನು ಲಾಗಿನ್ ಇಲ್ಲದೆ ಯಾರು ಬೇಕಾದರೂ ಓದುವಂತೆ ಇಡುವ ಸೌಲಭ್ಯ ಬಂದಿದೆ. ಓಪನ್ ಸೋರ್ಸ್ ಯೋಜನೆಗಳಿಗೆ ಜುಲಿಪ್‌ನವರು ತಮ್ಮದೇ ಸರ್ವರ್‌ನಲ್ಲಿ ಉಚಿತವಾಗಿ ಜಾಗ ಕೊಡುತ್ತಾರೆ. ಬೇಡವೆನಿಸಿದ ದಿನ ಎಲ್ಲವನ್ನೂ ರಫ್ತು ಮಾಡಿ ಸ್ವಂತ ಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ನನ್ನ ಪ್ರಶ್ನೆಗಳಲ್ಲಿ ಇದು ಪೂರ್ತಿ ಉತ್ತರಿಸದೆ ಉಳಿಸಿದ್ದು ಹುಡುಕಾಟದ್ದೊಂದೇ.

ತೊಡಕುಗಳು ಇಲ್ಲವೆಂದಲ್ಲ. ವಾಟ್ಸಾಪ್ ಅಭ್ಯಾಸದಿಂದ ಬಂದವರಿಗೆ ಪ್ರತಿ ಮಾತಿಗೂ ತಲೆಬರಹ ಕೊಡುವುದು ಮೊದಮೊದಲು ಕಿರಿಕಿರಿ ಎನಿಸುತ್ತದೆ. ಯಾರಾದರೂ ಹಿರಿಯರು ಬೇಸರಿಸದೆ ಸಂದೇಶಗಳನ್ನು ಸರಿಯಾದ ಜಾಗಕ್ಕೆ ಸಾಗಿಸುತ್ತಿರಬೇಕು. ಪರದೆ ತುಂಬ ಅಕ್ಷರಗಳೇ, ಹರಟೆಗೆ ಹಿತವಾದ ಜಾಗ ಅಲ್ಲ. ಧ್ವನಿ ಸಂಭಾಷಣೆಗೆ ಜಿಟ್ಸಿ ಎಂಬ ಮುಕ್ತ ವೀಡಿಯೊ ಕರೆ ತಂತ್ರಾಂಶದ ಕೊಂಡಿ ಹಾಕಬೇಕು, ಡಿಸ್ಕಾರ್ಡ್‌ನ ಆ ಸಲೀಸು ಬರುವುದಿಲ್ಲ. ನಾವು ಭಾನುವಾರದ ಕೂಟವನ್ನು ಜಿಟ್ಸಿಯಲ್ಲಿ ನಡೆಸಿ, ಅಲ್ಲಿ ಆದ ತೀರ್ಮಾನವನ್ನು ಜುಲಿಪ್‌ನಲ್ಲಿ ಬರೆದಿಡುತ್ತೇವೆ. ಹೊಸ ಆವೃತ್ತಿಯ ಸುದ್ದಿಗೆ ಮಾತ್ರ ಟೆಲಿಗ್ರಾಂ ಚಾನೆಲ್ ಉಳಿಸಿಕೊಂಡಿದ್ದೇವೆ.

ನಿಮ್ಮ ಬಳಗ ವಾರಾಂತ್ಯದ ಕಲಿಕಾ ಶಿಬಿರದಂಥದ್ದಾದರೆ, ಎಲ್ಲರೂ ಒಂದೇ ಹೊತ್ತಿಗೆ ಸೇರಿ ಮಾತಾಡುವುದೇ ಮುಖ್ಯವಾದರೆ ಡಿಸ್ಕಾರ್ಡ್ ಆರಿಸಿಕೊಳ್ಳಿ, ತಪ್ಪೇನಿಲ್ಲ. ಕೇಳಿದ ಪ್ರಶ್ನೆ, ಸಿಕ್ಕ ಉತ್ತರ ಬೇರೆ ಕಡೆ ದಾಖಲಾಗುವಂತೆ ನೋಡಿಕೊಳ್ಳಿ. ಸರ್ವರ್ ನಿಭಾಯಿಸುವ ಅನುಭವಸ್ಥರು ನಿಮ್ಮಲ್ಲಿದ್ದು, ಬೇರೆ ಯೋಜನೆಗಳ ಜೊತೆ ದಿನವೂ ಒಡನಾಟವಿದ್ದರೆ ಮ್ಯಾಟ್ರಿಕ್ಸ್ ಉತ್ತಮ.

ಇನ್ನು ಆ ಉಳಿದ ಕೊರತೆ. ಜುಲಿಪ್‌ನ ಹುಡುಕಾಟ ನಿಂತಿರುವುದು ಪೋಸ್ಟ್‌ಗ್ರೆಸ್ ದತ್ತಸಂಚಯದ ಮೇಲೆ, ಅದರ ಮೂಲ ಹೊಂದಿಕೆ ಇಂಗ್ಲಿಷಿಗೆ. ‘ಕಡತ’ ಎಂದು ಹುಡುಕಿದರೆ ‘ಕಡತವನ್ನು’, ‘ಕಡತದಲ್ಲಿ’ ಎಂದಿರುವ ಸಂದೇಶಗಳು ಬರುವುದಿಲ್ಲ. ವಿಭಕ್ತಿ ಪ್ರತ್ಯಯವನ್ನು ಕಳಚಿ ಪದದ ಮೂಲ ಹಿಡಿಯುವ ನಿಯಮಗಳು ಅದಕ್ಕೆ ಬೇಕು. ಸ್ವಂತ ಸರ್ವರ್ ಇದ್ದವರು ಪಿಜಿಗ್ರೂಂಗಾ ಎಂಬ ವಿಸ್ತರಣೆ ಹಾಕಿಕೊಂಡು ಇಂಗ್ಲಿಷೇತರ ಹುಡುಕಾಟವನ್ನು ಸುಧಾರಿಸಿಕೊಳ್ಳಬಹುದು. ಆದರೆ ಪೋಸ್ಟ್‌ಗ್ರೆಸ್‌ನೊಳಗೆ ತಮಿಳು, ಹಿಂದಿ, ನೇಪಾಳಿ ಭಾಷೆಗಳಿಗೆ ಇಂಥ ನಿಯಮಗಳು ಸ್ನೋಬಾಲ್ ಎಂಬ ಮುಕ್ತ ಯೋಜನೆಯ ಮೂಲಕ ಆಗಲೇ ಸೇರಿವೆ, ಕನ್ನಡಕ್ಕೆ ಇನ್ನೂ ಇಲ್ಲ. ವ್ಯಾಕರಣ ಬಲ್ಲ ಒಬ್ಬರು ಮತ್ತು ಕೋಡ್ ಬಲ್ಲ ಒಬ್ಬರು ಜೊತೆಗೆ ಕೂತರೆ ಆರಂಭಿಸಬಹುದಾದ ಕೆಲಸವಿದು, ನಮ್ಮ ಬಳಗದಲ್ಲಿ ಅದಕ್ಕೆ ಕೈ ಹಾಕಿದ್ದೇವೆ. ಸಪ್ತಮಿ ವಿಭಕ್ತಿಯವರೆಗೂ ಜೊತೆಗೆ ಬರುವ ತಾಳ್ಮೆಯುಳ್ಳವರು ಬೇಕಾಗಿದ್ದಾರೆ.