ಆಳಕ್ಕಿಂತ ಮೊಳೆಯ ಕಾಟವೇ ದೊಡ್ಡದು: ಹಳೆ ನಾಣ್ಯಕ್ಕೆ ಮೂರು ಬಗೆಯ ಮೆಟಲ್ ಡಿಟೆಕ್ಟರ್

ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಹಳೆ ನಾಣ್ಯ ಹುಡುಕುವುದಕ್ಕೆ ನನ್ನ ಆಯ್ಕೆ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800. ಅದೂ ಜೊತೆಗೆ ಬರುವ 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಂತಿಸುರುಳಿಯ ತಟ್ಟೆ) ಬಿಚ್ಚಿಟ್ಟು, ಬೇರೆಯಾಗಿ ಕೊಂಡ 6 ಇಂಚಿನದನ್ನು ಸಿಕ್ಕಿಸಿಕೊಂಡು. ಅದರ ಎದುರಿಗೆ ಇಟ್ಟು ನೋಡಿದ್ದು ಎರಡು: 15 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 15,000 ಸಲ ಮಿಡಿಯುವ ಒಂದೇ ಫ್ರೀಕ್ವೆನ್ಸಿಯಲ್ಲಿ) ಮಾತ್ರ ಓಡುವ ಗ್ಯಾರೆಟ್ ಎಟಿ ಪ್ರೊ, ಮತ್ತು "ಎಷ್ಟು ಆಳವಿದ್ದರೂ ಬಿಡುವುದಿಲ್ಲ" ಎಂಬ ಹೆಸರಿರುವ ಪಲ್ಸ್ ಇಂಡಕ್ಷನ್ (ಬಿಟ್ಟುಬಿಟ್ಟು ಚುಟುಕು ಮಿಡಿತ ಕಳಿಸುವ) ಜಾತಿಯ ಯಂತ್ರ.

ಆಳದ ಆಸೆಗೇ ಜನ ಮೊದಲು ಬೀಳುವುದು. ಆದರೆ ಅಲ್ಲಿ ಲೆಕ್ಕ ಕಠಿಣ. ಕಾಯಿಲ್‌ನಿಂದ ಹೊರಟ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕ್ಷೀಣಿಸುತ್ತದೆ. ನಾಣ್ಯದಿಂದ ಮರಳುವ ಉತ್ತರವೂ ಹಾಗೆಯೇ. ಎರಡೂ ಸೇರಿದರೆ, ಆಳ ಇಮ್ಮಡಿಯಾದಾಗ ಸಿಗ್ನಲ್ ಹೆಚ್ಚುಕಡಿಮೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಎರಡರಷ್ಟು ದುಡ್ಡು ಕೊಟ್ಟರೆ ಸಿಗುವುದು ಒಂದೆರಡು ಇಂಚು, ಅಷ್ಟೆ. 11 ಇಂಚಿನ ಕಾಯಿಲ್ ಇರುವ ಯಾವ ಒಳ್ಳೆಯ ಯಂತ್ರವೂ ಸಾಧಾರಣ ಗಾತ್ರದ ನಾಣ್ಯವನ್ನು ಒಂದು ಗೇಣು ಆಳದವರೆಗೆ ಹಿಡಿಯುತ್ತದೆ. ಇಂಗ್ಲೆಂಡಿನ ನೇಗಿಲು ಮಣ್ಣು ಮಗುಚುವುದೂ ಸುಮಾರು ಅಷ್ಟೇ ಆಳಕ್ಕೆ. ನೇಗಿಲು ಮುಟ್ಟದ ಪದರಕ್ಕೆ ಸನಿಕೆ ಹಾಕಬಾರದೆಂದು ಅಲ್ಲಿನ ಹವ್ಯಾಸಿಗಳ ನಡಾವಳಿಯೂ ಹೇಳುತ್ತದೆ. ಅಂದಮೇಲೆ ಅದಕ್ಕಿಂತ ಆಳ ಕೊಂಡು ಮಾಡುವುದೇನು?

ಹುಡುಕುವ ವಸ್ತು ಎಂಥದ್ದೆಂದು ಮೊದಲು ನೋಡಬೇಕು. ಒಂದನೇ ಎಡ್ವರ್ಡ್ ಕಾಲದ, ಸುತ್ತಿಗೆಯಲ್ಲಿ ಬಡಿದು ಮುದ್ರೆ ಒತ್ತಿದ ಬೆಳ್ಳಿ ಪೆನ್ನಿ ಸುಮಾರು 1.4 ಗ್ರಾಂ, ಕಾಗದದಷ್ಟು ತೆಳು. 1279–80ರಲ್ಲಿ ಅರ್ಧ, ಕಾಲು ಪೆನ್ನಿಯ ದುಂಡು ನಾಣ್ಯ ಬರುವ ಮುಂಚೆ ಚಿಲ್ಲರೆ ಬೇಕಾದರೆ ಪೆನ್ನಿಯನ್ನೇ ಕತ್ತರಿಸುತ್ತಿದ್ದರು. ಆ ಕಾಲು ತುಂಡು 0.35 ಗ್ರಾಂ ಆಸುಪಾಸು. ನಮ್ಮ ಕಡೆಯ ಹಳೆ ಚಿನ್ನದ 'ಹಣ' ಇರುತ್ತದಲ್ಲ, ಹೆಚ್ಚುಕಡಿಮೆ ಅದರ ತೂಕ. ಇನ್ನೊಂದು ತುದಿಯಲ್ಲಿ 1797ರ ತಾಮ್ರದ 'ಗಾಡಿಚಕ್ರ' ಪೆನ್ನಿ: 36 ಮಿಲಿಮೀಟರ್ ಅಗಲ, 28 ಗ್ರಾಂ ಮೀರಿದ ತೂಕ. ದಪ್ಪ ತಾಮ್ರ, ದಪ್ಪ ಬೆಳ್ಳಿಗೆ 5 ಕಿಲೋಹರ್ಟ್ಸ್‌ನಂಥ ಕೆಳ ಫ್ರೀಕ್ವೆನ್ಸಿ ಒಗ್ಗುತ್ತದೆ. ತೆಳು ಚೂರಿಗೆ 15, 20ರ ಮೇಲಿನದು. ಎಟಿ ಪ್ರೊ 15ಕ್ಕೆ ಕಟ್ಟುಬಿದ್ದದ್ದು. ಇದೇನೂ ಕೆಟ್ಟ ಆಯ್ಕೆಯಲ್ಲ, ನಡುವಿನ ದಾರಿ. ಈಕ್ವಿನಾಕ್ಸ್ ಒಂದೇ ಬೀಸಿನಲ್ಲಿ ಹಲವು ಫ್ರೀಕ್ವೆನ್ಸಿಗಳನ್ನು ಓದುವುದರಿಂದ ಎರಡೂ ತುದಿ ಕೈಗೆ ಸಿಗುತ್ತವೆ. ಒದ್ದೆ ಉಪ್ಪು ಮರಳಿನಲ್ಲಂತೂ ಹೋಲಿಕೆಯೇ ಬೇಡ. ಒಂಟಿ ಫ್ರೀಕ್ವೆನ್ಸಿ ಅಲ್ಲಿ ಒದ್ದಾಡುತ್ತದೆ.

ಈಗ ಮೊಳೆಯ ವಿಷಯ. ಹಳೆ ನಾಣ್ಯ ಬೀಳುವುದು ಜನ ಓಡಾಡಿದ, ವಾಸವಿದ್ದ, ಸಂತೆ ನೆರೆದ ಜಾಗದಲ್ಲಿ. ಅಂಥ ಕಡೆ ಚದರ ಅಡಿಗೆ ಮೂರು ನಾಲ್ಕು ಕಬ್ಬಿಣದ ಮೊಳೆ ಇದ್ದರೆ ಆಶ್ಚರ್ಯವಿಲ್ಲ. 11 ಇಂಚಿನ ಕಾಯಿಲ್ ಅಡಿಯಲ್ಲಿ ನಾಣ್ಯವೂ ಎರಡು ಮೊಳೆಯೂ ಒಟ್ಟಿಗೆ ಬಂದರೆ, ಮೂರರ ಉತ್ತರವೂ ಕಲಸಿಹೋಗಿ ಯಂತ್ರಕ್ಕೆ ಕಬ್ಬಿಣ ಮಾತ್ರ ಕೇಳುತ್ತದೆ. ಕಬ್ಬಿಣ ಬೇಡವೆಂದು ನೀವು ಡಿಸ್ಕ್ರಿಮಿನೇಶನ್ (ಬೇಡದ ಲೋಹದ ದನಿ ತಡೆಯುವ ಸೆಟ್ಟಿಂಗ್) ಏರಿಸಿಟ್ಟಿದ್ದರೆ ಅದೂ ಕೇಳದು, ಪೂರ್ತಿ ಮೌನ. ಮೊಳೆ ದಾಟಿದ ಮೇಲೂ ಯಂತ್ರ ಸುಧಾರಿಸಿಕೊಳ್ಳಲು ಕ್ಷಣಕಾಲ ಬೇಕು. ಆ ಕ್ಷಣದೊಳಗೆ ಕಾಯಿಲ್ ನಾಣ್ಯದ ಮೇಲೆ ಹಾದುಹೋಗಿರುತ್ತದೆ. "ಈ ಹೊಲ ಬರಿದಾಗಿದೆ" ಎಂದು ಬಿಟ್ಟುಹೋದ ಎಷ್ಟೋ ಹೊಲಗಳ ಕಥೆ ಇದೇ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಅದೂ ಕೊಳ್ಳುವ ಮುಂಚೆ. ಹಲಗೆಯ ಮೇಲೆ ಒಂದು ಚಿಕ್ಕ ಬೆಳ್ಳಿ ನಾಣ್ಯ ಇಡಿ. ಅದರ ಎರಡೂ ಪಕ್ಕಕ್ಕೆ ಎರಡು ಬೆರಳು ಬಿಟ್ಟು ಒಂದೊಂದು ತುಕ್ಕು ಮೊಳೆ, ಬೇರೆ ಬೇರೆ ದಿಕ್ಕಿಗೆ ತಿರುಗಿಸಿ. ಕಾಯಿಲ್ ಹತ್ತು ಸೆಂಟಿಮೀಟರ್ ಎತ್ತರದಲ್ಲಿರಲಿ. ನಾಲ್ಕು ದಿಕ್ಕಿನಿಂದ ಬೀಸಿ, ಎಷ್ಟು ದಿಕ್ಕಿನಿಂದ ನಾಣ್ಯದ ದನಿ ಬರುತ್ತದೆಂದು ಎಣಿಸಿ. ಹೀಗೆ ಇಟ್ಟಾಗ ಎಟಿ ಪ್ರೊ ಒಂದು ದಿಕ್ಕಿನಿಂದ ಚುಟುಕಾಗಿ ಕುಂಯ್‌ಗುಟ್ಟಿತು. ಈಕ್ವಿನಾಕ್ಸ್ 11 ಇಂಚಿನಲ್ಲಿ ಎರಡು, 6 ಇಂಚಿನಲ್ಲಿ ನಾಲ್ಕೂ. ಮೊಳೆ ಒಂದು ಬೆರಳು ಸರಿದರೂ ಫಲಿತ ಬದಲಾಗುವುದರಿಂದ ಹಲಗೆಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಂಡು ಎಲ್ಲ ಯಂತ್ರಕ್ಕೂ ಒಂದೇ ಜೋಡಣೆ ಇಡಬೇಕು.

6 ಇಂಚಿಗೆ ಇಳಿದರೆ ಆಳದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ, ನಿಜ. ಹೊಲ ಮುಗಿಸಲು ಇಮ್ಮಡಿ ಹೊತ್ತು ಬೇಕು. ಆದರೂ ಮೊಳೆಗಳ ನಡುವೆ ಹತ್ತು ಸೆಂಟಿಮೀಟರ್ ಆಳದಲ್ಲಿ ಅಡಗಿದ ನಾಣ್ಯ ಸಿಗುವುದು ಅದರಲ್ಲೇ.

ಮೊಳೆಯ ಇನ್ನೊಂದು ಕುಚೇಷ್ಟೆ ಸುಳ್ಳು ದನಿ. ತುಕ್ಕು ತಿಂದ ಬಾಗಿದ ಮೊಳೆ ಒಂದು ದಿಕ್ಕಿನಿಂದ ಬೆಳ್ಳಿಯಂತೆಯೇ ಸಣ್ಣ ಎತ್ತರದ ದನಿ ಕೊಡುತ್ತದೆ. ತೊಂಬತ್ತು ಡಿಗ್ರಿ ತಿರುಗಿ ಬೀಸಿ: ಮೊಳೆಯಾದರೆ ದನಿ ಒಡೆದು ಗೊರಗುಟ್ಟುತ್ತದೆ, ನಿಖರ ಜಾಗ ತೋರಿಸುವ ಪಿನ್‌ಪಾಯಿಂಟ್ ಬಟನ್ ಒತ್ತಿದರೆ ಜಾಗವೂ ನಾಲ್ಕೈದು ಸೆಂಟಿಮೀಟರ್ ಅತ್ತಿತ್ತ ಸರಿಯುತ್ತದೆ. ನಾಣ್ಯ ಎಲ್ಲಿಂದ ಬೀಸಿದರೂ ಕೂತಲ್ಲೇ ಕೂತಿರುತ್ತದೆ. ಬಾಗಿಲ ಕೀಲು, ಲಾಳದಂಥ ಅಗಲ ಕಬ್ಬಿಣ ಇನ್ನೂ ಮೋಸಗಾರ, ಎಲ್ಲ ದಿಕ್ಕಿಗೂ ಒಂದೇ ದನಿ. ಅದಕ್ಕೆ ಕಾಯಿಲ್ ಮೇಲೆತ್ತಿ ನೋಡಬೇಕು. ಒಂದು ಗೇಣು ಎತ್ತಿದ ಮೇಲೂ ಅರಚುತ್ತಿದ್ದರೆ ಅದು ನಾಣ್ಯವಲ್ಲ. ಈಕ್ವಿನಾಕ್ಸ್‌ನಲ್ಲಿ ಐರನ್ ಬಯಾಸ್ ಎಂಬ ಸೆಟ್ಟಿಂಗ್ ಇದೆ, 0ಯಿಂದ 9. ಏರಿಸಿದಷ್ಟೂ ಅನುಮಾನದ ದನಿಯನ್ನೆಲ್ಲ ಕಬ್ಬಿಣವೆಂದೇ ತೀರ್ಮಾನಿಸುತ್ತದೆ. ಮೊಳೆಗೆ ಅಂಟಿಕೊಂಡಂತಿರುವ ನಾಣ್ಯವೂ ಅದರೊಂದಿಗೆ ಹೋಯಿತು. ಹೊಲ ಪರಿಚಯವಾದ ಮೇಲೆ ಅದನ್ನು 0 ಅಥವಾ 1ಕ್ಕೆ ಇಳಿಸಿ, ನಾಲ್ಕು ಮೊಳೆ ಹೆಚ್ಚು ಅಗೆಯುವುದೇ ಮೇಲು. ಲಾಳದ ಚಿತ್ರವಿರುವ ಬಟನ್ ಒತ್ತಿದರೆ ಎಲ್ಲ ಲೋಹವೂ ಕೇಳುತ್ತದೆ. ಕಬ್ಬಿಣಕ್ಕೆ ತಗ್ಗು ದನಿ ಕೊಟ್ಟು ಅದನ್ನು ಸಣ್ಣಗೆ ಕೇಳುತ್ತಲೇ ನಡೆಯುವುದು ಮೌನಕ್ಕಿಂತ ಲೇಸು.

ಎಟಿ ಪ್ರೊದ ಪರವಾಗಿಯೂ ಹೇಳಲೇಬೇಕು. ಕಬ್ಬಿಣವನ್ನು ತಗ್ಗು ದನಿಯಲ್ಲಿ ಕೇಳಿಸುವ ಅದರ ಐರನ್ ಆಡಿಯೋ ಇದೇ ಕೆಲಸವನ್ನು ಸರಳವಾಗಿ ಮಾಡುತ್ತದೆ. ನಾಲ್ಕು ಎಎ ಸೆಲ್ ಎಲ್ಲಿ ಬೇಕಾದರೂ ಸಿಗುತ್ತವೆ; ಈಕ್ವಿನಾಕ್ಸ್‌ನದು ಚಾರ್ಜ್ ಮಾಡುವ ಬ್ಯಾಟರಿ, ಹಿಂದಿನ ರಾತ್ರಿ ಮರೆತರೆ ಭಾನುವಾರ ಕೆಟ್ಟಿತು. 5×8 ಇಂಚಿನ ಚಿಕ್ಕ ಕಾಯಿಲ್ ಇದಕ್ಕೂ ಇದೆ. ಕಬ್ಬಿಣ ಕಡಿಮೆ ಇರುವ ಹುಲ್ಲುಗಾವಲಲ್ಲಿ ಎರಡಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟ.

ಪಲ್ಸ್ ಯಂತ್ರ ಕಬ್ಬಿಣವನ್ನೂ ಬೆಳ್ಳಿಯನ್ನೂ ಬೇರೆ ಮಾಡಿ ಹೇಳುವುದಿಲ್ಲ. ಖನಿಜ ತುಂಬಿದ ನೆಲದಲ್ಲಿ, ಕಡಲ ತೀರದಲ್ಲಿ ಅದು ರಾಜ. ಮೊಳೆಯ ಹೊಲದಲ್ಲಿ ಸಂಜೆವರೆಗೆ ಒಂದೊಂದು ಅಡಿ ಅಗೆದು ಮೊಳೆ ಆರಿಸುತ್ತೀರಿ.

ಬಿಡಿ ಮಾತುಗಳು ಕೆಲವು. ಈಕ್ವಿನಾಕ್ಸ್‌ನ ಸೆನ್ಸಿಟಿವಿಟಿ 25ಕ್ಕೆ ಏರಿಸಿ ಯಂತ್ರ ಚಟಪಟ ಎನ್ನುತ್ತಿದ್ದರೆ ಆಳ ಹೆಚ್ಚಿದಂತಲ್ಲ. 20ರಲ್ಲಿ ಸದ್ದಿಲ್ಲದೆ ಓಡಿದರೆ ಹೆಚ್ಚು ಸಿಗುತ್ತದೆ. ವಿದ್ಯುತ್ ತಂತಿ ಹತ್ತಿರವಿದ್ದರೆ ನಾಯ್ಸ್ ಕ್ಯಾನ್ಸಲ್ (ಹೊರಗಿನ ವಿದ್ಯುತ್ ಗದ್ದಲ ತಪ್ಪಿಸುವ ಹೊಂದಾಣಿಕೆ) ಮತ್ತೊಮ್ಮೆ ಮಾಡಿ. ಕೂಳೆ ಹತ್ತು ಸೆಂಟಿಮೀಟರ್ ಎತ್ತರ ನಿಂತಿದ್ದರೆ ಅಷ್ಟು ಆಳ ಹೋಯಿತೆಂದೇ ಲೆಕ್ಕ, ಆದ್ದರಿಂದ ರೋಲರ್ ಎಳೆದ ಹೊಲಕ್ಕೆ ಕಾಯಬೇಕು. ಆಳಕ್ಕೆ ಹೋದಂತೆ ಕಾಯಿಲ್ ನೋಡುವ ಜಾಗ ಕಿರಿದಾಗುತ್ತದೆ, ಪ್ರತಿ ಬೀಸೂ ಹಿಂದಿನದರ ಅರ್ಧದ ಮೇಲೆ ಬರಲಿ. ಆಳದ ನಾಣ್ಯಕ್ಕೆ, ಯಾವ ಲೋಹವೆಂದು ಸೂಚಿಸುವ ಪರದೆಯ ಅಂಕಿ ನಂಬಬೇಡಿ, ಅದು ಅಲ್ಲಾಡುತ್ತಾ ಕಬ್ಬಿಣದ ಕಡೆಗೆ ಜಾರುತ್ತದೆ, ಕಿವಿಯೇ ಗತಿ. ಸಿಕ್ಕ ಬೆಳ್ಳಿಯನ್ನು ಹೊಲದಲ್ಲಿ ಬೆರಳಿಂದ ಉಜ್ಜಬೇಡಿ, ಮುದ್ರೆ ಸವೆಯುತ್ತದೆ.

ಇಂಗ್ಲೆಂಡಿನಲ್ಲಿ ಜಮೀನಿನವರ ಒಪ್ಪಿಗೆ ಬೇಕು, ಸಂರಕ್ಷಿತ ಸ್ಮಾರಕದ ನೆಲ ಮುಟ್ಟುವಂತಿಲ್ಲ. 300 ವರ್ಷ ಮೀರಿದ ಎರಡು ಬೆಳ್ಳಿ ಅಥವಾ ಚಿನ್ನದ ನಾಣ್ಯ ಒಟ್ಟಿಗೆ ಸಿಕ್ಕರೆ 1996ರ ಟ್ರೆಷರ್ ಕಾಯ್ದೆಯಂತೆ 14 ದಿನದೊಳಗೆ ವರದಿ ಮಾಡಬೇಕು. ಇದೇ ಯಂತ್ರ ಹಿಡಿದು ಹಂಪಿ ಸುತ್ತಬಹುದೇ ಎಂದು ಊರಿನ ನೆಂಟರು ಕೇಳುವುದುಂಟು. ಬೇಡ. ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು ಅಪರಾಧ. ನಿಧಿ ಕಾಯ್ದೆಯಂತೂ ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆನ್ನುತ್ತದೆ.

ದುಡ್ಡಿನ ಮಾತು ಬಂದರೆ, 2023ರಲ್ಲಿ ಬಂದ ಈಕ್ವಿನಾಕ್ಸ್ 900ರ ಜೊತೆ 6 ಇಂಚಿನ ಕಾಯಿಲ್ ಬರುತ್ತದೆ, ಪರದೆಯ ಅಂಕಿಗಳೂ ಹೆಚ್ಚು ಬಿಡಿಸಿ ತೋರಿಸುತ್ತವೆ. ಆದರೂ ಕೈಬದಲಾದ 800 ಕೊಂಡು, ಉಳಿದ ಹಣದಲ್ಲಿ ಚಿಕ್ಕ ಕಾಯಿಲ್, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್, ಒಂದು ಗಟ್ಟಿ ಸನಿಕೆ ತೆಗೆದುಕೊಳ್ಳುವುದು ನನ್ನ ಲೆಕ್ಕ. ಒಂದೇ ತುಂಡು ನೆಲಕ್ಕೆ ಹತ್ತು ಸಲ ಹೋಗುವ ಅಭ್ಯಾಸ ನನ್ನದು, ಅದಕ್ಕೆ ಇದು ಒಗ್ಗುತ್ತದೆ. ವಾರಕ್ಕೊಂದು ಹೊಸ ಹೊಲ ಸುತ್ತುವವರು 11 ಇಂಚನ್ನು ಬಿಚ್ಚುವುದೇ ಬೇಡ, ಮೊಳೆಯ ಗೊರಗೊರ ದಟ್ಟವಾಗಿ ಕೇಳಿದ ಜಾಗವನ್ನು ಮಾತ್ರ ಫೋನಿನ ನಕ್ಷೆಯಲ್ಲಿ ಗುರುತಿಟ್ಟುಕೊಳ್ಳಲಿ.