ಮನೆಯಲ್ಲೇ ಕಲಿಯುವ ಕ್ಯಾಥೊಲಿಕ್ ಮಕ್ಕಳಿಗೆ ಯಾವ ಇತಿಹಾಸ ಪುಸ್ತಕ? ನಾವು ಓದಿ ನೋಡಿದ ಐದು

ಮೊದಲು ತೀರ್ಪು ಹೇಳಿಬಿಡುತ್ತೇನೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ಫಿಲಿಪ್ ಕ್ಯಾಂಬೆಲ್ ಅವರ 'ದಿ ಸ್ಟೋರಿ ಆಫ್ ಸಿವಿಲೈಸೇಷನ್', ಅದರ ಪಕ್ಕದಲ್ಲಿ ಸೂಸನ್ ವೈಸ್ ಬಾವರ್ ಅವರ 'ದಿ ಸ್ಟೋರಿ ಆಫ್ ದಿ ವರ್ಲ್ಡ್'. ಐದನೇ ಕ್ಲಾಸಿನಿಂದ ಎಂಟರವರೆಗೆ ಕ್ಯಾಥೊಲಿಕ್ ಟೆಕ್ಸ್ಟ್‌ಬುಕ್ ಪ್ರಾಜೆಕ್ಟ್‌ನವರ ಪುಸ್ತಕಗಳು. ಹೈಸ್ಕೂಲಿಗೆ ಆನ್ ಕ್ಯಾರಲ್, ಆದರೆ ಅದೊಂದನ್ನೇ ಕೊಟ್ಟು ಸುಮ್ಮನಾಗಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾವಿರುವುದು ಟೆಕ್ಸಾಸ್‌ನಲ್ಲಿ, ಮೂಲ ಮಂಗಳೂರು ಕಡೆ. ಇಲ್ಲಿ ಶಾಲೆಗೆ ಕಳಿಸದೆ ಮಕ್ಕಳಿಗೆ ಮನೆಯಲ್ಲೇ ಕಲಿಸುವವರಿಗೆ ಸರ್ಕಾರದ ಕಿರಿಕಿರಿ ತೀರಾ ಕಡಿಮೆ, ಪುಸ್ತಕ ನಮ್ಮದೇ ಆಯ್ಕೆ. ನ್ಯೂಯಾರ್ಕ್‌ನಲ್ಲಿರುವವರು ವರ್ಷದ ಪಾಠದ ಯೋಜನೆ ಬರೆದು ಕೊಡಬೇಕು, ಮೂರು ತಿಂಗಳಿಗೊಮ್ಮೆ ವರದಿಯನ್ನೂ ಕಳಿಸಬೇಕು. ಹಾಗಾಗಿ ಅವರಿಗೆ ಪ್ರಶ್ನೆಪತ್ರಿಕೆ ಜೊತೆಗೇ ಬರುವ ಪುಸ್ತಕ ಅನುಕೂಲ. ಅಂದಹಾಗೆ, ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು ಅಂತ ಆರೆಗಾನ್ ರಾಜ್ಯ ಕಾನೂನು ಮಾಡಿದಾಗ ಅದರ ವಿರುದ್ಧ ಕೋರ್ಟಿಗೆ ಹೋದವರು ಶಾಲೆ ನಡೆಸುತ್ತಿದ್ದ ಕ್ಯಾಥೊಲಿಕ್ ಸಿಸ್ಟರ್‌ಗಳು. 1925ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಮಕ್ಕಳಿಗೆ ಈ ಕಥೆಯನ್ನೂ ಹೇಳಿ.

ನಾನು ನೋಡಿದ್ದು ಮುಖ್ಯವಾಗಿ ಎರಡು ವಿಷಯ. ಒಂದು, ಪಾಠ ಮುಗಿದ ಮೇಲೆ ಮಗು ಮುಂದಿನದನ್ನೂ ಓದು ಅನ್ನುತ್ತದೆಯೇ. ಇನ್ನೊಂದು, ಧರ್ಮಸಭೆಯವರು, ಅಂದರೆ ಕ್ಯಾಥೊಲಿಕ್ ಚರ್ಚಿನವರು, ತಪ್ಪು ಮಾಡಿದ ಜಾಗದಲ್ಲಿ ಪುಸ್ತಕ ಏನು ಮಾಡುತ್ತದೆ. ಕೊಳ್ಳುವ ಮೊದಲು ಎರಡು ಪುಟ ಹುಡುಕಿ ಓದಿ: 1204ರಲ್ಲಿ ಶಿಲುಬೆಯೋಧರು (ಕ್ರುಸೇಡರ್‌ಗಳು) ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲ್ ಲೂಟಿ ಮಾಡಿದ್ದು, 1633ರಲ್ಲಿ ಗೆಲಿಲಿಯೋಗೆ ಶಿಕ್ಷೆಯಾದದ್ದು. ಗೆಲಿಲಿಯೋ ವಿಷಯದಲ್ಲಿ ತಪ್ಪಾಗಿತ್ತು ಅಂತ ಪೋಪ್ ಎರಡನೇ ಜಾನ್ ಪಾಲ್ 1992ರಲ್ಲೇ ಒಪ್ಪಿಕೊಂಡರು. 2001ರಲ್ಲಿ ಅಥೆನ್ಸ್‌ಗೆ ಹೋಗಿ ಕಾನ್‌ಸ್ಟಾಂಟಿನೋಪಲ್ ಬಗ್ಗೆಯೂ ನೋವು ಹೇಳಿಕೊಂಡರು. ಪೋಪ್ ಅವರೇ ಹೇಳಬಲ್ಲ ಮಾತನ್ನು ಮಕ್ಕಳ ಪುಸ್ತಕ ಹೇಳಲು ಹೆದರಬೇಕಾಗಿಲ್ಲ, ಅಲ್ವಾ?

ಈಗ ಬಾವರ್. ನಾಲ್ಕು ಸಂಪುಟ: ಪ್ರಾಚೀನ ಕಾಲ, ಮಧ್ಯಯುಗ, ಆಧುನಿಕ ಕಾಲದ ಆರಂಭ, ಆಧುನಿಕ ಕಾಲ. ಲೇಖಕಿ ಪ್ರೊಟೆಸ್ಟೆಂಟ್. ಆದರೂ ಕ್ಯಾಥೊಲಿಕ್ ಮನೆಗಳಲ್ಲಿ ಈ ಪುಸ್ತಕ ಇರುತ್ತದೆ, ಯಾಕಂದರೆ ಕಥೆ ಹೇಳುವ ಕೈ ಅಷ್ಟು ಚೆನ್ನಾಗಿದೆ. ವಾಕ್ಯಗಳು ಚಿಕ್ಕವು, ಗಟ್ಟಿಯಾಗಿ ಓದೋಕೆ ಹೇಳಿ ಮಾಡಿಸಿದಂತಿವೆ. ಜಿಮ್ ವೈಸ್ ಓದಿದ ಆಡಿಯೊ ಇದೆ, ಕಾರಿನಲ್ಲಿ ಹಾಕಿದರೆ ಹಿಂದಿನ ಸೀಟು ಶಾಂತ. ಜೊತೆಗೆ ನಕ್ಷೆ, ಪ್ರಶ್ನೆ, ಕೈಕೆಲಸ ತುಂಬಿದ ಚಟುವಟಿಕೆ ಪುಸ್ತಕ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಪ್ರಪಂಚ ಅಂದರೆ ಯುರೋಪ್ ಮಾತ್ರ ಅಂದುಕೊಳ್ಳದಿರುವುದು. ಮೊದಲ ಸಂಪುಟದಲ್ಲಿ ಮೊಹೆಂಜೊದಾರೊ, ಬುದ್ಧ, ಮೌರ್ಯರು ಇದ್ದಾರೆ. ಎರಡನೆಯದರಲ್ಲಿ ಗುಪ್ತರು, ಬಾಬರ್, ಅಕ್ಬರ್. ಭಾರತದ ಮಗು ಅಮೆರಿಕದಲ್ಲಿ ಕೂತು ಇತಿಹಾಸ ಓದುವಾಗ ತನ್ನ ದೇಶ ನಕ್ಷೆಯ ಅಂಚಿನಲ್ಲಿ ಇಲ್ಲ ಅಂತ ಗೊತ್ತಾಗುವುದು ದೊಡ್ಡ ವಿಷಯ.

ತೊಡಕು ಬರುವುದು ಎರಡನೇ ಸಂಪುಟದ ಕೊನೆಯಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ಮತ್ತು ಪೋಪ್‌ರಿಂದ ಬೇರೆಯಾದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಬಂದಾಗ. ಅದಕ್ಕೆ ಉತ್ತರವಾಗಿ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಟ್ರೆಂಟ್ ಮಹಾಸಭೆಯ ಕಥೆಯೂ ಅಲ್ಲಿದೆ, ಬಿಟ್ಟಿಲ್ಲ. ಆದರೆ ಆ ಕಾಲವನ್ನು ನೋಡುವ ಕಣ್ಣು ನಮ್ಮದಲ್ಲ. ಕೆಲವರು ಆ ಪಾಠಗಳನ್ನು ಹಾರಿಸಿಬಿಡುತ್ತಾರೆ. ನಾನು ಹಾರಿಸಲಿಲ್ಲ, ಬೇರೆಯವರಿಗೂ ಹಾರಿಸಿ ಅನ್ನುವುದಿಲ್ಲ. ಪೂರ್ತಿ ಓದಿ, ಪಕ್ಕದಲ್ಲೇ ಹೆನ್ರಿಯನ್ನು ಚರ್ಚಿನ ಮುಖ್ಯಸ್ಥ ಅಂತ ಒಪ್ಪದೆ 1535ರಲ್ಲಿ ತಲೆ ಕೊಟ್ಟ ಸಂತ ಥಾಮಸ್ ಮೋರ್, ಪಾದ್ರಿಗಳನ್ನು ಮನೆಯಲ್ಲಿ ಬಚ್ಚಿಟ್ಟದ್ದಕ್ಕೆ 1586ರಲ್ಲಿ ಜೀವ ಕಳೆದುಕೊಂಡ ಯಾರ್ಕ್ ನಗರದ ಗೃಹಿಣಿ ಮಾರ್ಗರೆಟ್ ಕ್ಲಿಥೆರೋ, 1540ರಲ್ಲಿ ಪೋಪ್ ಒಪ್ಪಿಗೆ ಪಡೆದ ಇಗ್ನೇಷಿಯಸ್ ಲೊಯೋಲಾ ಅವರ ಯೇಸುಸಭೆ (ಜೆಸ್ವಿಟ್ ಪಾದ್ರಿಗಳ ಸಂಘ), ಇವನ್ನು ಸೇರಿಸಿದರೆ ಪಾಠ ಇನ್ನೂ ಚೆನ್ನಾಗುತ್ತದೆ. ಪಕ್ಕದ ಮನೆಯ ಪ್ರೊಟೆಸ್ಟೆಂಟ್ ಗೆಳೆಯ ಈ ಕಥೆಯನ್ನು ಹೇಗೆ ಕೇಳಿ ಬೆಳೆದಿದ್ದಾನೆ ಅಂತಲೂ ಮಗುವಿಗೆ ಗೊತ್ತಾಗುತ್ತದೆ.

ಕ್ಯಾಂಬೆಲ್ ಅವರದು ಟ್ಯಾನ್ ಬುಕ್ಸ್ ಪ್ರಕಟಣೆ. ಇದಕ್ಕೂ ನಾಲ್ಕು ಸಂಪುಟ, ಮೊದಲನೆಯದು ಆದಿಮಾನವರಿಂದ ಶುರುವಾಗಿ ಕಾನ್‌ಸ್ಟಾಂಟಿನ್ ಚಕ್ರವರ್ತಿ ಕ್ರೈಸ್ತನಾಗುವಲ್ಲಿಗೆ ನಿಲ್ಲುತ್ತದೆ. ಇಲ್ಲಿ ನಾವು ಏನನ್ನೂ ಪಕ್ಕದಲ್ಲಿ ಸೇರಿಸಬೇಕಿಲ್ಲ. ಹುತಾತ್ಮರು, ಮಠವಾಸಿಗಳು, ಪೋಪ್‌ಗಳು ಎಲ್ಲ ಕಥೆಯ ಒಳಗೇ ಇದ್ದಾರೆ. ಧರ್ಮೋಪದೇಶದ ಕ್ಲಾಸಿನಲ್ಲಿ ಕೇಳಿದ ಹೆಸರು ಇತಿಹಾಸದ ಪಾಠದಲ್ಲೂ ಸಿಕ್ಕಾಗ ಚಿಕ್ಕ ಮಕ್ಕಳ ಮುಖ ನೋಡಬೇಕು! ಆಡಿಯೊ ನಾಟಕದ ಹಾಗೆ ಮಾಡಿದ್ದಾರೆ, ಬರೀ ಓದು ಅಲ್ಲ. ಪರೀಕ್ಷೆಯ ಪುಸ್ತಕವೂ ಬೇರೆ ಸಿಗುತ್ತದೆ, ವರದಿ ಕೊಡಬೇಕಾದ ರಾಜ್ಯದವರಿಗೆ ಅದು ಉಪಯೋಗ.

ಬಾವರ್ ಜೊತೆ ಇಟ್ಟು ನೋಡಿದರೆ ಕ್ಯಾಂಬೆಲ್ ಅವರ ಹರವು ಕಡಿಮೆ. ಪ್ರಾಚೀನ ಕಾಲ ಅಂದರೆ ಹೆಚ್ಚಾಗಿ ಈಜಿಪ್ಟ್, ಇಸ್ರೇಲ್, ಗ್ರೀಸ್, ರೋಮ್. ಧರ್ಮಸಭೆ ಎಲ್ಲಿಂದ ಬಂತು ಅಂತ ತೋರಿಸುವ ಪುಸ್ತಕ ಅದು, ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದಕ್ಕೇ ಎರಡನ್ನೂ ಜೊತೆಯಾಗಿ ಓದಿ ಅನ್ನುವುದು. ಒಂದು ವಾರ ಇದು, ಒಂದು ವಾರ ಅದು. ಮೊದಲ ಎರಡು ಸಂಪುಟಗಳಲ್ಲಿ ಕಾಲ ಹೆಚ್ಚು ಕಡಿಮೆ ಒಂದೇ ಇರುವುದರಿಂದ ಮಕ್ಕಳಿಗೆ ಗೊಂದಲ ಆಗುವುದಿಲ್ಲ, ಗೋಡೆಯ ಮೇಲೆ ಒಂದು ಕಾಲರೇಖೆ ಬರೆದು ಅಂಟಿಸಿಬಿಡಿ ಅಷ್ಟೇ.

ಐದನೇ ಕ್ಲಾಸ್ ದಾಟಿದ ಮೇಲೆ ನಾನು ಜಾಸ್ತಿ ಗೌರವ ಕೊಡುವುದು ಕ್ಯಾಥೊಲಿಕ್ ಟೆಕ್ಸ್ಟ್‌ಬುಕ್ ಪ್ರಾಜೆಕ್ಟ್‌ಗೆ. ದಪ್ಪ ಪುಸ್ತಕ, ಬಣ್ಣದ ಚಿತ್ರ, ಒಳ್ಳೆಯ ನಕ್ಷೆ. ಬೆಲೆ ಜಾಸ್ತಿ, ನಿಜ. ಅಮೆರಿಕದ ಇತಿಹಾಸಕ್ಕೆ 'ಫ್ರಮ್ ಸೀ ಟು ಶೈನಿಂಗ್ ಸೀ'. ಸಾಮಾನ್ಯವಾಗಿ ಇಲ್ಲಿನ ಮಕ್ಕಳಿಗೆ ದೇಶದ ಕಥೆ ಇಂಗ್ಲೆಂಡಿನಿಂದ ಬಂದ ಪ್ಯೂರಿಟನ್ನರಿಂದ ಶುರುವಾಗುತ್ತದೆ. ಈ ಪುಸ್ತಕದಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಕಡೆಯಿಂದ ಬಂದ ಮಿಷನರಿಗಳಿಗೂ ಸರಿಯಾದ ಜಾಗ ಇದೆ. ಮೇಲಿನ ತರಗತಿಗೆ ಅವರದೇ 'ಲ್ಯಾಂಡ್ಸ್ ಆಫ್ ಹೋಪ್ ಆ್ಯಂಡ್ ಪ್ರಾಮಿಸ್' ಇದೆ, ಅದು ಮೆಕ್ಸಿಕೊವನ್ನೂ ಸೇರಿಸಿಕೊಂಡು ಇಡೀ ಉತ್ತರ ಅಮೆರಿಕದ ಕಥೆ ಹೇಳುತ್ತದೆ. ನಮ್ಮ ಚರ್ಚಿನಲ್ಲಿ ಪೂಜೆಗೆ ಬರುವವರಲ್ಲಿ ತುಂಬಾ ಜನ ಮೆಕ್ಸಿಕೊ ಮೂಲದವರು. ಅವರ ಅಜ್ಜ ಅಜ್ಜಿಯರ ಕಾಲದಲ್ಲಿ, 1926ರಿಂದ 1929ರವರೆಗೆ, ಅಲ್ಲಿ ಧರ್ಮಸಭೆಯನ್ನು ಹತ್ತಿಕ್ಕಿದ ಸರ್ಕಾರದ ವಿರುದ್ಧ ಕ್ರಿಸ್ಟೆರೊ ಯುದ್ಧವೇ ನಡೆದಿತ್ತು ಅಂತ ನಮ್ಮ ಮಕ್ಕಳಿಗೆ ಗೊತ್ತಿರಬೇಡವೇ? ಬರವಣಿಗೆ ಗಂಭೀರ, ಬಾವರ್ ತರಹ ಮಲಗುವ ಹೊತ್ತಿಗೆ ಓದುವ ಪುಸ್ತಕ ಅಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪ ಓದಿಸಿದರೆ ಸಾಕು.

ಇದೇ ವಯಸ್ಸಿಗೆ ಅಗ್ಗವಾಗಿ ಸಿಗುವುದು ಫರ್ಲಾಂಗ್ ಅವರ 'ದಿ ಓಲ್ಡ್ ವರ್ಲ್ಡ್ ಆ್ಯಂಡ್ ಅಮೆರಿಕ'. ಮೊದಲು ಬಂದದ್ದು 1937ರಲ್ಲಿ, ಟ್ಯಾನ್‌ನವರು ಮತ್ತೆ ಅಚ್ಚು ಹಾಕಿದ್ದಾರೆ. ಪಾಠದ ಕೊನೆಗೆ ಅಭ್ಯಾಸ ಬೇಕಾದಷ್ಟಿವೆ, ಮಗು ಒಂಟಿಯಾಗಿ ಕೂತು ಮಾಡಬಹುದು. ಆದರೆ ಅದು 1962ರಿಂದ 1965ರವರೆಗೆ ಕ್ಯಾಥೊಲಿಕ್ ಬಿಷಪ್‌ಗಳು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಗೂ ಹಿಂದಿನ ಪುಸ್ತಕ ಅನ್ನುವುದು ನೆನಪಿರಲಿ. ಬೇರೆ ಧರ್ಮದವರ ಬಗ್ಗೆ ಹೇಗೆ ಮಾತಾಡಬೇಕು ಅಂತ 1965ರಲ್ಲಿ ಧರ್ಮಸಭೆ ಕಲಿಸಿದ್ದು ಅದರಲ್ಲಿ ಇರೋಕೆ ಸಾಧ್ಯವಿಲ್ಲ. ತಂದೆಯೋ ತಾಯಿಯೋ ಪಕ್ಕದಲ್ಲಿ ಕೂತು ಓದುವುದಾದರೆ ಕೊಳ್ಳಿ. ಇಲ್ಲದಿದ್ದರೆ ಬೇಡ.

ಹೈಸ್ಕೂಲಿಗೆ ಬಂದರೆ ಆನ್ ಕ್ಯಾರಲ್ ಅವರ 'ಕ್ರೈಸ್ಟ್ ದ ಕಿಂಗ್, ಲಾರ್ಡ್ ಆಫ್ ಹಿಸ್ಟರಿ'. ಇಡೀ ಇತಿಹಾಸ ಕ್ರಿಸ್ತನ ಸುತ್ತ ನಡೆಯುತ್ತದೆ ಅನ್ನುವುದೇ ಅದರ ನೆಲೆ, ಹೆಸರಲ್ಲೇ ಹೇಳಿಬಿಟ್ಟಿದ್ದಾರೆ. ಓದುತ್ತಾ ಹೋದರೆ ಬಿಡೋಕೆ ಮನಸ್ಸಾಗುವುದಿಲ್ಲ. ಫ್ರೆಂಚ್ ಕ್ರಾಂತಿ ಅಂದರೆ ಬರೀ ಸ್ವಾತಂತ್ರ್ಯ ಸಮಾನತೆ ಅಂತ ಕೇಳಿದ ಮಗುವಿಗೆ ಅದು ಧರ್ಮಸಭೆಯ ಮೇಲೆ ನಡೆದ ದಾಳಿಯೂ ಆಗಿತ್ತು ಅಂತ ತಿಳಿಯುತ್ತದೆ. ಆ ಹೊತ್ತಿಗೆ ಕಾಂಪಿಯೆನ್‌ನ 16 ಕಾರ್ಮೆಲ್ ಮಠದ ಹುತಾತ್ಮ ಸಿಸ್ಟರ್‌ಗಳ ಕಥೆ ಹೇಳಿ, 1794ರಲ್ಲಿ ಹಾಡುತ್ತಲೇ ಗಿಲೊಟಿನ್ ಹತ್ತಿದವರು. ಆದರೆ ಲೇಖಕಿ ಒಂದು ಪಕ್ಷದಲ್ಲಿ ನಿಂತು ಬರೆಯುತ್ತಾರೆ, ಮುಚ್ಚಿಡುವುದೂ ಇಲ್ಲ. ಹದಿನೈದು ವರ್ಷದ ಹುಡುಗ ನಾಳೆ ಕಾಲೇಜಿನಲ್ಲಿ ಬೇರೆ ವಾದ ಕೇಳಿದಾಗ ತಬ್ಬಿಬ್ಬಾಗಬಾರದು. ಅದಕ್ಕೆ ಆ ಶತಮಾನದ ಬಗ್ಗೆ ಲೈಬ್ರರಿಯ ಇನ್ನೊಂದು ಪುಸ್ತಕವನ್ನೂ ಕೊಟ್ಟು, ಎರಡಕ್ಕೂ ಎಲ್ಲಿ ವ್ಯತ್ಯಾಸ ಅಂತ ಬರೆಸಿ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ನಮ್ಮ ಕರಾವಳಿಯ ಕ್ರೈಸ್ತರ ಕಥೆಗೆ ಈ ಯಾವ ಪುಸ್ತಕವನ್ನೂ ನಂಬಿ ಕೂರಬೇಡಿ, ಅದು ನಾವೇ ಹೇಳಬೇಕಾದ ಪಾಠ. 1542ರಲ್ಲಿ ಗೋವಾಕ್ಕೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರ್. ಶ್ರೀಲಂಕಾಕ್ಕೆ ಹೋಗುವ ಮೊದಲು 1681ರಿಂದ ಕೆಲವು ವರ್ಷ ಕೆನರಾದಲ್ಲಿ, ಅಂದರೆ ನಮ್ಮ ಕರಾವಳಿಯಲ್ಲಿ, ಓಡಾಡಿದ ಪಾದ್ರಿ ಜೋಸೆಫ್ ವಾಜ್, 2015ರಲ್ಲಿ ಸಂತರಾದವರು. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, 1799ರಲ್ಲಿ ಅವನು ಸತ್ತ ಮೇಲೆ ಬದುಕಿ ಉಳಿದವರು ಊರಿಗೆ ಮರಳಿದ್ದು. ಹಾಗೆಯೇ 1560ರಲ್ಲಿ ಗೋವಾದಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಧರ್ಮವಿರೋಧದ ಆರೋಪ ಹೊತ್ತವರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಧರ್ಮಸಭೆಯ ನ್ಯಾಯಾಲಯ. ಟಿಪ್ಪುವಿನ ಸೆರೆಯನ್ನು ಕಣ್ಣೀರಿನಿಂದ ಹೇಳಿ ಇನ್‌ಕ್ವಿಸಿಷನ್ ಪುಟವನ್ನು ಮಗುಚಿಬಿಟ್ಟರೆ ಅದು ಇತಿಹಾಸ ಆಗುವುದಿಲ್ಲ. ನಾನು ಎರಡನ್ನೂ ಹೇಳುತ್ತೇನೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಶ್ರೀರಂಗಪಟ್ಟಣಕ್ಕೂ ಹಳೇ ಗೋವಾಕ್ಕೂ ಕರೆದುಕೊಂಡು ಹೋಗುವುದು ಯಾವ ಚಟುವಟಿಕೆ ಪುಸ್ತಕಕ್ಕಿಂತಲೂ ಜಾಸ್ತಿ ಕಲಿಸುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಬಾವರ್ ಪುಸ್ತಕವನ್ನು ಲೈಬ್ರರಿಯಿಂದ ತನ್ನಿ, ಸಾಮಾನ್ಯವಾಗಿ ಸಿಗುತ್ತದೆ. ಕ್ಯಾಂಬೆಲ್ ಅವರದು ಮೊದಲ ಸಂಪುಟ ಮಾತ್ರ ಕೊಂಡು ನೋಡಿ. ದೊಡ್ಡ ಪಠ್ಯಪುಸ್ತಕಗಳನ್ನು ಮಕ್ಕಳು ಬೆಳೆದು ಮುಗಿಸಿದ ಮನೆಯವರಿಂದ ಹಳೆಯದು ಕೊಳ್ಳಿ, ಆದರೆ ಶಿಕ್ಷಕರ ಕೈಪಿಡಿ ಅದೇ ಆವೃತ್ತಿಯದೇ ಅಂತ ನೋಡಿಕೊಂಡು ಕೊಳ್ಳಿ. ಆವೃತ್ತಿ ಬೇರೆಯಾದರೆ ಪುಟಸಂಖ್ಯೆ ಹೊಂದುವುದಿಲ್ಲ.