ಬಳ್ಳಾರಿಯ ಬಿಸಿಲಿಗೆ ಯಾವ ಎಂಜಿನ್ ಆಯಿಲ್? ಹೆಲಿಕ್ಸ್ ಅಲ್ಟ್ರಾ 5ಡಬ್ಲ್ಯೂ-40 ಬಳಸಿದ ಅನುಭವ

ಕಾರಿಗೆ ಯಾವ ಆಯಿಲ್ ಹಾಕಿಸಬೇಕೆಂದು ಬಳ್ಳಾರಿಯ ಗ್ಯಾರೇಜುಗಳಲ್ಲಿ ಕೇಳಿದರೆ ನನಗೆ ಹೆಚ್ಚಾಗಿ ಸಿಕ್ಕ ಉತ್ತರ ಒಂದೇ: ‘ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಬೇಕ್ರಿ ಸರ್, 20ಡಬ್ಲ್ಯೂ-50 ಹಾಕಿಸಿಬಿಡ್ರಿ.’ ಈ ಗುರುತಿನಲ್ಲಿ ಡಬ್ಲ್ಯೂ ಜೊತೆಗಿನ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಗುಣವನ್ನೂ ಕೊನೆಯ ಅಂಕಿ ಕಾದಾಗ ಅದರ ದಪ್ಪವನ್ನೂ ಹೇಳುತ್ತದೆ; ಅಂಕಿ ಸಣ್ಣದಾದಷ್ಟೂ ಆಯಿಲ್ ತೆಳು. ಅಮೆರಿಕದಲ್ಲಿರುವ ಬಂಧುಗಳನ್ನು ಕೇಳಿದರೆ 0ಡಬ್ಲ್ಯೂ-20 ಬಿಟ್ಟು ಬೇರೆ ಮಾತಿಲ್ಲ. ಕೈಪಿಡಿಯ ಪಟ್ಟಿಯನ್ನು ನೋಡಿ ನಾನು ಆರಿಸಿಕೊಂಡದ್ದು ಶೆಲ್ ಹೆಲಿಕ್ಸ್ ಅಲ್ಟ್ರಾ 5ಡಬ್ಲ್ಯೂ-40. ಕೆಲವು ವರ್ಷಗಳಿಂದ ಅದನ್ನೇ ಬಳಸುತ್ತಿದ್ದೇನೆ. ಕಾರು ಟರ್ಬೊ ಇಲ್ಲದ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಾಟ ಹೆಚ್ಚಾಗಿ ಬಳ್ಳಾರಿ, ತೋರಣಗಲ್ಲು, ಸಂಡೂರುಗಳ ನಡುವೆ, ಅದಿರು ಲಾರಿಗಳ ಹಿಂದೆ.

ಒಂದೇ ಎಂಜಿನ್ನಿಗೆ ದೇಶಕ್ಕೊಂದು ಆಯಿಲ್ ಸೂಚಿಸುವುದಕ್ಕೆ ಹವಾಮಾನವೊಂದೇ ಕಾರಣವಲ್ಲ. ಅಮೆರಿಕದಲ್ಲಿ ಕಾರು ಕಂಪನಿಗಳು ಸರ್ಕಾರದ ಇಂಧನ ಮಿತವ್ಯಯದ ಗುರಿಯನ್ನು ಮುಟ್ಟಬೇಕಾಗಿ ಬಂದದ್ದರಿಂದ, ಘರ್ಷಣೆ ಕಡಿಮೆ ಮಾಡುವ ತೆಳು ಆಯಿಲ್‌ಗಳ ಕಡೆಗೆ ವಾಲಿವೆ. ಯುರೋಪಿನಲ್ಲಿ ಹೆದ್ದಾರಿಯ ವೇಗ ಹೆಚ್ಚು, ಆಯಿಲ್ ಬದಲಿಸುವ ಅಂತರವೂ ದೊಡ್ಡದು. ಹೀಗಾಗಿ ಅಲ್ಲಿನ ಕಾರು ತಯಾರಕರ ಸಂಘವಾದ ಎಸಿಇಎಯ ಎ3/ಬಿ4 ಮಾನದಂಡದ ಪ್ರಕಾರ, 150 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬಿರುಸಾದ ಉಜ್ಜಾಟಕ್ಕೆ ಸಿಕ್ಕಾಗಲೂ ಆಯಿಲ್‌ನ ಸ್ನಿಗ್ಧತೆ (ಅಂದರೆ ದಪ್ಪ) 3.5 ಮಿಲಿಪ್ಯಾಸ್ಕಲ್-ಸೆಕೆಂಡಿಗಿಂತ ಕೆಳಗಿಳಿಯಬಾರದು. 20ರ ದರ್ಜೆಯ ಆಯಿಲ್‌ಗೆ ಇದೇ ಪರೀಕ್ಷೆಯಲ್ಲಿ 2.6 ಇದ್ದರೆ ಸಾಕು. ಶೆಲ್ ಕಂಪನಿಯೇ ಇದಕ್ಕೆ ಒಳ್ಳೆಯ ಉದಾಹರಣೆ: ಕತಾರಿನ ಪರ್ಲ್ ಘಟಕದಲ್ಲಿ ನೈಸರ್ಗಿಕ ಅನಿಲದಿಂದ ತಯಾರಾಗುವ ಮೂಲತೈಲ ನಮ್ಮಲ್ಲಿ ಹೆಲಿಕ್ಸ್ ಅಲ್ಟ್ರಾ ಆಗಿಯೂ ಅಮೆರಿಕದಲ್ಲಿ ಪೆನ್‌ಝಾಯಿಲ್ ಪ್ಲಾಟಿನಮ್ ಆಗಿಯೂ ಮಾರಾಟವಾಗುತ್ತದೆ.

ಇನ್ನು ನಮ್ಮ ಬಿಸಿಲಿನ ವಿಚಾರ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದರೂ ಎಂಜಿನ್ ತಣಿಸುವ ಕೂಲಂಟಿನ ಕಾವನ್ನು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಹಿಡಿತದಲ್ಲಿಡುತ್ತವೆ. ಆಯಿಲ್ ಕೆಲಸ ಮಾಡುವುದು ಮಾಮೂಲಿನಂತೆ 100 ಡಿಗ್ರಿಯ ಆಸುಪಾಸಿನಲ್ಲೇ. ಆದ್ದರಿಂದ ಬಿಸಿಲಿನ ಹೆಸರು ಹೇಳಿ 50ರ ದರ್ಜೆಗೆ ಹೋಗುವುದಕ್ಕೆ ನನ್ನ ಒಪ್ಪಿಗೆಯಿಲ್ಲ. 5ಡಬ್ಲ್ಯೂ ಎಂಬುದು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸುವ ಗುಣ, ಅಂಥ ಚಳಿ ನಮಗೆ ಗೊತ್ತೇ ಇಲ್ಲ ಎಂಬುದು ನಿಜ. ಆದರೆ 40 ಡಿಗ್ರಿಯಲ್ಲೂ 5ಡಬ್ಲ್ಯೂ-40 ಸುಮಾರು 80 ಸೆಂಟಿಸ್ಟೋಕ್ಸ್ (ದಪ್ಪ ಅಳೆಯುವ ಇನ್ನೊಂದು ಮಾನ) ಇದ್ದರೆ 20ಡಬ್ಲ್ಯೂ-50 ಸುಮಾರು 150ನ್ನು ಮೀರುತ್ತದೆ. ಬೆಳಗ್ಗೆ ಎಂಜಿನ್ ಚಾಲೂ ಆದ ಕೂಡಲೇ ಮೇಲಿನ ಭಾಗಗಳಿಗೆ ಬೇಗ ತಲುಪುವುದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಬಳಕೆಯಲ್ಲಿ ಕಂಡದ್ದು ಹೀಗಿದೆ. ಬದಲಾವಣೆಗಳ ನಡುವೆ ಆಯಿಲ್ ಮೇಲೆ ಹಾಕಿಸುವ ಅಗತ್ಯ ಬಂದಿಲ್ಲ. ಲಾರಿಗಳ ಸಾಲಿನಲ್ಲಿ ಏಸಿ ಹಾಕಿಕೊಂಡು ಬಹಳ ಹೊತ್ತು ನಿಂತರೂ ಎಂಜಿನ್ನಿನ ಸದ್ದು ಒರಟಾಗುವುದಿಲ್ಲ. ಮೊದಲು ಹಾಕಿಸುತ್ತಿದ್ದ 5ಡಬ್ಲ್ಯೂ-30ಕ್ಕೆ ಹೋಲಿಸಿದರೆ ಮೈಲೇಜ್ ತುಸು ಇಳಿದಿದೆ. ಬೆಲೆ ಸಾಮಾನ್ಯ ಮಿನರಲ್ ಆಯಿಲ್‌ನ ಸುಮಾರು ಎರಡು ಪಟ್ಟು.

ಈ ಸೀಮೆಯಲ್ಲಿ ಎಂಜಿನ್ನಿಗೆ ನಿಜವಾದ ಶತ್ರು ಬಿಸಿಲಲ್ಲ, ಧೂಳು. ಸಂಡೂರಿನ ಕಡೆ ಓಡಾಡಿದ ಮೇಲೆ ಏರ್ ಫಿಲ್ಟರ್ ತೆಗೆದು ನೋಡಿದರೆ ಅದರ ಮಡಿಕೆಗಳ ಸಂದಿಯಲ್ಲಿ ಕೆಂಪು ಹುಡಿ ಒತ್ತಾಗಿ ಕೂತಿರುತ್ತದೆ, ಬೆರಳಿಟ್ಟರೆ ಕುಂಕುಮದಂತೆ ಅಂಟುತ್ತದೆ. ಫಿಲ್ಟರ್ ದಾಟಿ ಒಳಹೊಕ್ಕ ಹುಡಿ ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಅದನ್ನು ಎಷ್ಟೇ ದುಬಾರಿಯ ಆಯಿಲ್ ತಡೆಯಲಾರದು. ನನ್ನ ಕೈಪಿಡಿ ಸಾಮಾನ್ಯ ಬಳಕೆಗೆ 10,000 ಕಿಲೋಮೀಟರ್ ಎಂದರೂ ಧೂಳಿನ ರಸ್ತೆಗಳಿಗೆ ಅದರ ಅರ್ಧವನ್ನೇ ಸೂಚಿಸುತ್ತದೆ. ನಾನು ಅರ್ಧಕ್ಕೇ ಬದಲಿಸುತ್ತೇನೆ, ಜೊತೆಗೆ ಆಯಿಲ್ ಫಿಲ್ಟರನ್ನೂ.

ಕೊಳ್ಳುವವರು ನಕಲಿಯ ಬಗ್ಗೆ ಎಚ್ಚರದಿಂದಿರಬೇಕು. ಒಂದು ಅಂಗಡಿಯಲ್ಲಿ ಕೊಟ್ಟ ಡಬ್ಬದ ಮುಚ್ಚಳದ ಸೀಲು ಸಡಿಲವಾಗಿತ್ತು, ಅಲ್ಲೇ ಹಿಂದಿರುಗಿಸಿದೆ. ಆಯಿಲ್ ಹಾಕಿದ ಮೇಲೆ ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರಿನಿಂದ ತೂತು ಮಾಡಿಸಿಯೇ ಹೊರಡುತ್ತೇನೆ. ಇಲ್ಲವಾದರೆ ಅದು ಮತ್ತೆ ತುಂಬಿ ಬರಬಹುದು.

ಈ ಆಯಿಲ್ ಎಲ್ಲ ಕಾರಿಗೂ ಹೊಂದುವುದಿಲ್ಲ. ಕೈಪಿಡಿಯಲ್ಲಿ 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಮಾತ್ರ ಇದ್ದರೆ ಅದನ್ನೇ ಹಾಕಿಸಿ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುವುದರಿಂದ, ಇದರಂಥ ಎ3/ಬಿ4 ಆಯಿಲ್‌ನ ಉರಿದುಳಿದ ಬೂದಿ ಕ್ರಮೇಣ ಅದನ್ನು ಕಟ್ಟಿಸುತ್ತದೆ; ಅಂಥವರು ಬೂದಿ ಕಡಿಮೆಯಿರುವ ಎಸಿಇಎ ಸಿ2 ಅಥವಾ ಸಿ3 ದರ್ಜೆಗಳಲ್ಲಿ ತಮ್ಮ ಕಾರಿನ ಕೈಪಿಡಿ ಯಾವುದನ್ನು ಹೇಳುತ್ತದೋ ಅದನ್ನು ಡಬ್ಬದ ಹಿಂಬದಿಯಲ್ಲಿ ಓದಿ ಖಚಿತಪಡಿಸಿಕೊಂಡು ಕೊಳ್ಳಬೇಕು.